ಮಣ್ಣು ಮೆತ್ತಿದ ಹೆಸರುಗಳು

"ಆ ಮಣ್ಣು ಕೆರೀಬೇಡಿ ಮೇಡಂ," ಎಂದ ಮಾಲಿ. "ಅದು ಕೊಳೆ ಅಲ್ಲ. ನಾವೇ ಕರಣೇಲಿ ಮೆತ್ತಿರೋದು."

ಉದ್ಯಾನಕ್ಕೆ ನೂರು ವರ್ಷ ತುಂಬುತ್ತಿತ್ತು. ನಗರಸಭೆ ಒಂದು ಪುಸ್ತಕ ತರುವುದಿತ್ತು. ಅದರಲ್ಲಿ ದಾನಿಗಳ ಚರಿತ್ರೆ ಬರೆಯುವುದು ಅವಳ ಪಾಲಿಗೆ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಒಪ್ಪಿಕೊಂಡ ಮೊದಲ ಕೆಲಸ. ಜಾಗ ಕೊಟ್ಟ ಗಿರಣಿ ಮಾಲೀಕ, ಕಾರಂಜಿ ಕಟ್ಟಿಸಿದ ವಕೀಲ, ದೀಪದ ಕಂಬ ನಿಲ್ಲಿಸಿದ ಔಷಧಿ ವ್ಯಾಪಾರಿ, ಎಲ್ಲರೂ ಕಡತದಲ್ಲಿದ್ದರು. ಯಾರ ನೆನಪಿಗಾಗಿ ಕೊಟ್ಟರು ಎಂಬಲ್ಲಿ ಮಾತ್ರ ಖಾಲಿ. ಆ ಹೆಸರುಗಳಿದ್ದದ್ದು ಇಲ್ಲಿ, ಮೂರು ಕಲ್ಲುಬೆಂಚುಗಳ ಬೆನ್ನ ಮೇಲೆ. ಕೆತ್ತಿದ ಪ್ರತಿ ಅಕ್ಷರದೊಳಗೂ ಜೇಡಿಮಣ್ಣು ತುಂಬಿತ್ತು.

"ಯಾಕೆ ಮೆತ್ತಿದೀರಿ ತಾತ?"

"ಜಾಗ ಕೊಟ್ಟೋರ ಮಗ ಇಲ್ಲಿದ್ದ ಕೊಳಕ್ಕೆ ಬಿದ್ದು ತೀರ್ಕೊಂಡ. ತಾಯಿ ಮಂತ್ರವಾದೀನ ಕರೆಸಿ ಕಲ್ಲಿಗೆ ಮಾಟ ಮಾಡಿಸಿದ್ಲು. ಹೆಸರು ಓದಿದೋರ ಮನಸ್ಸಲ್ಲಿ ತನ್ನ ಮಗ ಬದುಕಿರ್ಬೇಕು ಅಂತ. ಅದನ್ನ ನೋಡಿ ಮಿಕ್ಕೋರೂ ಮಾಡಿಸಿದ್ರು."

"ಒಳ್ಳೇದೇ ಆಯ್ತಲ್ಲ."

"ಮನಸ್ಸಲ್ಲಿ ಜಾಗ ಬೇಕಲ್ಲ ಮೇಡಂ. ಒಬ್ರು ಬಂದ್ರೆ ಇನ್ನೊಬ್ರು ಎದ್ದು ಹೋಗ್ಬೇಕು. ಕೆಲಸಕ್ಕೆ ಸೇರಿದ ವರ್ಷ ನಾನೂ ಒಂದು ಓದ್ಬಿಟ್ಟೆ. ವಕೀಲರ ಮಗಳು ಜಡೆ ಹಾಕ್ಕೊಳ್ಳೋದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮಮ್ಮನ ಮುಖ ಹೇಗಿತ್ತು ಅಂತ ಕೇಳಿ, ಗೊತ್ತಿಲ್ಲ."

"ವಯಸ್ಸಾಯ್ತು ತಾತ, ಅಷ್ಟೇ. ಮಾಟಕ್ಕೆ ಸುರಿದ ದುಡ್ಡಲ್ಲಿ ಕೊಳಕ್ಕೊಂದು ಬೇಲಿ ಹಾಕಿಸಬಹುದಿತ್ತು."

ಮಾಲಿ ನಗಲಿಲ್ಲ. "ನಿಮ್ಮೋರು ಯಾರಾದ್ರೂ ತೀರ್ಕೊಂಡಿದ್ರೆ ಹತ್ರ ಹೋಗ್ಬೇಡಿ. ಮೊದ್ಲು ಎದ್ದು ಹೋಗೋದು ಅವ್ರೇ." ನೀರಿನ ಪೈಪು ಎಳೆದುಕೊಂಡು ಅತ್ತ ನಡೆದ.

ಗಂಡನದೆಂದು ಅವಳಲ್ಲಿ ಉಳಿದದ್ದು ಸ್ವಲ್ಪವೇ. ಬಾಗಿಲು ತಟ್ಟುವ ಮುಂಚೆ ಅವನು ಕೆಮ್ಮುತ್ತಿದ್ದದ್ದು. ಶೂ ಹಾಕಿಕೊಂಡ ಮೇಲೆ ಕಾಲುಚೀಲ ಹುಡುಕುತ್ತಿದ್ದದ್ದು. ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆಹೋದದ್ದು. ದಿನಕ್ಕೊಮ್ಮೆ ಇವನ್ನೆಲ್ಲ ಮನಸ್ಸಿನಲ್ಲೇ ಮುಟ್ಟಿ ನೋಡುವಳು. ಮುಟ್ಟಿದರೆ ಏನೂ ಅನ್ನಿಸುತ್ತಿರಲಿಲ್ಲ. ಇವೆ ಎಂದು ಗೊತ್ತಾದರೆ ಸಾಕಿತ್ತು.

ಮರಗಳ ಕೆಳಗೆ ನಡುಮಧ್ಯಾಹ್ನವೂ ಕತ್ತಲು. ಕೊಳೆತ ಎಲೆಯ ವಾಸನೆ. ಅವಳು ಓದಲು ಹೋಗದೆ, ಮೊದಲು ಕುಂಚದಿಂದ ಮೂರು ಬೆಂಚುಗಳ ಮಣ್ಣನ್ನೂ ಉದುರಿಸಿದಳು. ವರ್ಷಗಳ ಮಣ್ಣು ತಣ್ಣಗಿರಬೇಕಿತ್ತು. ಬೆಚ್ಚಗಿತ್ತು.

ಕಲ್ಲಿನ ಬರಹವನ್ನು ಗಟ್ಟಿಯಾಗಿ ಓದಿಕೊಂಡೇ ಬರೆದುಕೊಳ್ಳಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ವ್ಯಾಪಾರಿಯ ಬೆಂಚಿನ ಹೆಸರನ್ನು ಹಾಗೆಯೇ ಓದಿದಳು. ಮೂಗಿಗೆ ಕಷಾಯದ ಘಾಟು ಬಡಿಯಿತು. ಯಾರೋ ಮುದುಕರು ಗೋಡೆಯ ಕಡೆ ತಿರುಗಿ ಮಲಗಿ ನೀರು ಕೇಳುತ್ತಿದ್ದರು. ಅವಳು ತಲೆ ಕೊಡವಿ ವಕೀಲನ ಬೆಂಚಿಗೆ ಹೋದಳು. ಓದಿದಳು. ಕನ್ನಡಿಯ ಮುಂದೆ ಹುಡುಗಿಯೊಬ್ಬಳು ಬಾಯಲ್ಲಿ ರಿಬ್ಬನ್ನು ಕಚ್ಚಿಕೊಂಡು ಜಡೆ ಹೆಣೆಯುತ್ತಿದ್ದಳು.

ಅವಳ ಕೈಯ ಪೆನ್ನು ನಿಂತಿತು.

ಗಂಡ ಬಾಗಿಲು ತಟ್ಟುವ ಮುಂಚೆ ಏನೋ ಮಾಡುತ್ತಿದ್ದ. ಏನು? ಶೂ ಹಾಕಿಕೊಂಡ ಮೇಲೆ? ಶೂ ಮಾತ್ರ ಕಂಡಿತು. ಅದರೊಳಗೆ ಕಾಲಿರಲಿಲ್ಲ.

ಹಕ್ಕಿಗಳ ಸದ್ದು ಅಡಗಿತ್ತು. ಹಿಂದೆ ಎಲ್ಲೋ ನೀರು ತುಳುಕಿತು. ಕೊಳ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಮೂರನೆಯದು, ಗಿರಣಿ ಮಾಲೀಕನ ಬೆಂಚು, ಬೆನ್ನ ಹಿಂದಿತ್ತು. ನೋಡಬಾರದು. ಹೆಬ್ಬೆರಳು ಇನ್ನೂ ಇದೆ. ಅವನ ಹಿಡಿತ ಇದೆ. ಇಷ್ಟಾದರೂ ಉಳಿಯಬೇಕು. ಆ ಹೆಸರನ್ನು ಮತ್ತೆ ಮುಚ್ಚಿಬಿಡಬೇಕು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನೆಲ ತಡಕಿದಳು. ಮಣ್ಣು ಬಾಚಿದಳು. ಕಲ್ಲು ಸಿಕ್ಕಿತು. ಮೊದಲ ಅಕ್ಷರದೊಳಗೆ ಬೆರಳಿನಿಂದ ತುರುಕಿದಳು. ಎರಡನೆಯದು. ಬೆರಳು ಗೀರಿನುದ್ದಕ್ಕೂ ಹರಿಯಿತು. ತಿರುವಿನಲ್ಲಿ ತಿರುಗಿತು. ಕೊಂಬಿನಲ್ಲಿ ಏರಿತು. ಮಾಲಿಗಳು ಕರಣೆಯಿಂದಲೇ ಏಕೆ ಮೆತ್ತುತ್ತಾರೆಂದು ಆಗ ಹೊಳೆಯಿತು. ತಡವಾಗಿತ್ತು. ಬೆರಳು ಓದಿತ್ತು. ತುಟಿಗಳು ಹೇಳಿದವು.

ಕಾಲುಗಳು ಅಭ್ಯಾಸದಂತೆ ಅವಳನ್ನು ಮನೆ ಮುಟ್ಟಿಸಿದವು. ಅತ್ತೆ ಬಾಗಿಲು ತೆರೆದಾಗ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎಂಟು ತಿಂಗಳಲ್ಲಿ ಮೊದಲ ಸಲ.

ಅತ್ತೆ ಎಳೆದು ಅಪ್ಪಿಕೊಂಡರು. "ಅತ್ತುಬಿಡು ಮಗಳೇ. ಇಷ್ಟು ದಿನ ಕಲ್ಲಾಗಿದ್ದೆ. ನನ್ನ ಮುಂದೆ ತಾನೇ, ಅತ್ತುಬಿಡು."

"ನೀರು ತುಂಬ ತಣ್ಣಗಿತ್ತು," ಎಂದಳು ಅವಳು. "ಒಂದು ಚಪ್ಪಲಿ ಮಾತ್ರ ತೇಲ್ತಾ ಇತ್ತು. ಅವನಿಗಿನ್ನೂ ಐದೇ ವರ್ಷ."

ಬೆನ್ನು ಸವರುತ್ತಿದ್ದ ಕೈ ನಿಂತುಹೋಯಿತು.

ಅವಳು ತಲೆಯೆತ್ತಿ ಆ ಮುದುಕಿಯನ್ನು ನೋಡಿದಳು. ಪಾಪ, ಒಳ್ಳೆಯ ಹೆಂಗಸು. ಅಪರಿಚಿತಳ ದುಃಖಕ್ಕೆ ಇವರೂ ಅಳುತ್ತಿದ್ದಾರೆ.

"ನಿಮಗೂ ಮಕ್ಕಳಿದಾರಾ ಅಮ್ಮಾ?" ಎಂದು ಕೇಳಿದಳು.