ಕಿವಿಗೆ ಕೇಳಿಸಿದ ಸೆಕೆ

"ಬಾಯಾರ, ನನ್ನ ಮಷೀನು ಸುಳ್ಳು ಹೇಳಂಗಿಲ್ಲರಿ. ಯಾರೋ ಕೈ ಆಡಿಸ್ಯಾರ!"

ಶಾರದಾ ನಮ್ಮ ಪಡಸಾಲೆಯಲ್ಲಿ ನನ್ನ ಗೆಳತಿ ಮಥುರಾಬಾಯಿಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಅದು ೧೯೯೬ರ ಏಪ್ರಿಲ್. ಕಪನೂರದ ಶೆಡ್ಡೊಂದರಲ್ಲಿ ಅವಳು ಮೈಕ್ರೋಕಂಟ್ರೋಲರ್ ಪೆಟ್ಟಿಗೆಗಳನ್ನು ಮಾಡುತ್ತಿದ್ದಳು. ಮೊದಲನೆಯದು ಕಮಲಾಪುರದ ದೌಲಪ್ಪನ ಬಾಳೆಹಣ್ಣಿನ ಗೋದಾಮಿಗೆ ಹೋಗಿತ್ತು. ಸೆಕೆ ಏರಿದರೆ ಅದು ತಾನೇ ಕೂಲರ್ ಶುರುಮಾಡಬೇಕು. ದೌಲಪ್ಪ ಮದುವೆಗೆ ಹೋಗಿ ಬರುವಷ್ಟರಲ್ಲಿ ಕೂಲರ್ ನಿಂತು, ಕೆಂಪು ಬಾಳೆಯೆಲ್ಲ ಕಪ್ಪಾಗಿತ್ತು. ಸಂಜೆಯೊಳಗೆ ಪೆಟ್ಟಿಗೆ ಕಿತ್ತು ಕಳಿಸುತ್ತೇನೆಂದಿದ್ದ. ಹೆಸರು ಕೆಟ್ಟರೆ ಅವಳ ಶೆಡ್ಡಿಗೆ ಬೀಗವೇ.

ಮಥುರಾಬಾಯಿ ಫಿಜಿಕ್ಸ್ ಕಲಿಸಿ ನಿವೃತ್ತಳಾದವಳು. ನಮ್ಮ ಓಣಿಯ ಕಳವುಗಳನ್ನೆಲ್ಲ ಪತ್ತೆ ಹಚ್ಚುವವಳು. ಹಳೆಯ ರೇಡಿಯೋದ ಇಯರ್‌ಫೋನಿಗೆ ಎರಡು ತಂತಿ, ತುದಿಗೆ ಸೂಜಿ ಬೆಸೆದು ತಾನೇ ಮಾಡಿಕೊಂಡಿದ್ದ ಸಾಧನವನ್ನು ಚೀಲಕ್ಕೆ ಹಾಕಿಕೊಂಡು ನಮ್ಮೊಡನೆ ಬಸ್ ಹತ್ತಿದಳು.

ಗೋದಾಮಿನ ಹೊರಗೆ ಕೂಲರ್ ಮಾರುವ ಗೋಪಾಲ ಕೂತಿದ್ದ. "ಕೈಲೆ ಸ್ವಿಚ್ ಒತ್ತಿದ್ರ ಮುಗೀತಿತ್ತು. ಹುಡುಗೇರ ಆಟಿಗಿ ಸಾಮಾನು ಯಾಕ ಬೇಕಿತ್ತು?"

"ಅದು ಇವತ್ತು ತಿರಗಾಕತ್ತದ. ಮೊನ್ನಿ ಯಾಕ ತಿರಗಲಿಲ್ಲ?" ಎಂದು ದೌಲಪ್ಪ ಗುಡುಗಿದ. ಒಳಗೆ ಹೋಗುವವರು ತಾನು ಮತ್ತು ಕಸ ಗುಡಿಸುವ ಶಂಕ್ರಮ್ಮ ಇಬ್ಬರೇ ಎಂದ.

ಶಂಕ್ರಮ್ಮ ನಮಗೆ ನೀರು ತಂದಳು. ಕೊಡುವ ಮೊದಲು ಮಡಕೆಗೆ ಸುತ್ತಿದ ಬಟ್ಟೆಯನ್ನು ಮತ್ತೆ ತೋಯಿಸಿದಳು. ಹೊಸ್ತಿಲಲ್ಲಿ ಮಲಗಿದ್ದ ನಾಯಿಯ ಜಾಗಕ್ಕೂ ಒಂದಿಷ್ಟು ಚಿಮುಕಿಸಿದಳು. ಅದು ನನಗೆ ಹಿಡಿಸಿತು. ಮಡಕೆಯ ಮೈಮೇಲೆ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿತ್ತು.

ಸೆಕೆ ಅಳೆಯುವ ಸೆನ್ಸರ್ ದಾರದಲ್ಲಿ ತೂಗುತ್ತಿತ್ತು. ತಂತಿ ಎಲ್ಲೂ ತುಂಡಾಗಿರಲಿಲ್ಲ. ತುದಿಯಲ್ಲಿ ಮಾತ್ರ ಬಿಳಿ ಗೆರೆ. ಮಥುರಾ ಸೂಜಿ ಮುಟ್ಟಿಸಿ ಇಯರ್‌ಫೋನ್ ಕಿವಿಗಿಟ್ಟಳು. "ಟಿಕ್ ಟಿಕ್ ಅನ್ನಾಕತ್ತದಲ್ಲ, ಶಾರದಾ?"

"ಹೌದ್ರಿ. ಅದು ಪೆಟ್ಟಿಗಿಗೆ ಕಳಸೋ ಸುದ್ದಿ. ಸೆಕಿ ಹೆಚ್ಚಾದಂಗ ಬಿರುಸಾಗ್ತದ."

"ಎಲ್ಲಾರನ್ನೂ ಕರೀರಿ, ದೌಲಪ್ಪನೋರೆ."

ನಾವೆಲ್ಲ ಸೇರಿದಾಗ ಮಥುರಾ ತನ್ನ ಕರವಸ್ತ್ರ ತೋಯಿಸಿ ಸೆನ್ಸರಿಗೆ ಸುತ್ತಿ, ಇಯರ್‌ಫೋನನ್ನು ದೌಲಪ್ಪನಿಗೆ ಕೊಟ್ಟಳು. ಟಿಕ್ ಟಿಕ್ ನಿಧಾನವಾಯಿತು. ಕೂಲರ್ ನಿಂತಿತು!

"ಮಷೀನು ಸರಿ ಅದ. ಅದಕ್ಕ ಹೋದ ಸುದ್ದಿ ತಪ್ಪು. ಒದ್ದಿ ಅರಿವಿ ಆರತಾ ಆರತಾ ತಂಪು ಮಾಡ್ತದ. ಕೋಣಿ ಕುದ್ದರೂ ಇದಕ್ಕ ಛಳಿ. ತುದಿಗಿ ಅಂಟಿದ್ದು ಮಡಕಿ ಮ್ಯಾಲಿನ ಉಪ್ಪೇ. ಕೆಡಸಬೇಕಂದವ ತಂತಿ ಕತ್ತರಸ್ತಿದ್ದ. ಇದು ಮಡಕಿಗೂ ನಾಯಿಗೂ ಮರುಗೋ ಕೈ."

ಶಂಕ್ರಮ್ಮ ಮುಂದೆ ಬಂದಳು. "ಮುಟ್ಟಿದ್ರ ಕಾದಿತ್ತವ್ವಾ. ಶಾರದವ್ವ ಕಷ್ಟಪಟ್ಟು ಮಾಡಿದ್ದು, ಸುಟ್ಟೀತಂತ ಅರಿವಿ ಸುತ್ತಿ ಮುಂಜಾನೆ ಸಂಜಿ ತೋಯಿಸೀನಿ. ಧಣಿ ಬರ್ತಾರಂತ ನಿನ್ನಿ ಬಿಚ್ಚಿ ತೊಳದ್ಹಾಕಿದೆ."

ದೌಲಪ್ಪ ಬಾಯಿ ತೆರೆಯುವ ಮೊದಲೇ ಶಾರದಾ ಮುದುಕಿಯ ಕೈ ಹಿಡಿದಳು. "ಯಾರೂ ಬೈಬ್ಯಾಡ್ರಿ. ಇದೇನಂತ ಆಯಿಗೆ ನಾ ಹೇಳೇ ಇಲ್ಲ." ಕರವಸ್ತ್ರ ಬಿಚ್ಚಿ, ಸೆನ್ಸರನ್ನು ಶಂಕ್ರಮ್ಮನ ಅಂಗೈಯಲ್ಲಿಟ್ಟು, ಇಯರ್‌ಫೋನನ್ನು ಅವಳ ಕಿವಿಗೆ ಹಿಡಿದಳು.

ಶಂಕ್ರಮ್ಮನ ಮುಖ ಅರಳಿತು. "ಯವ್ವಾ, ಇದರ ಎದಿ ಬಡಕೊಳ್ಳಾಕತ್ತದ!"

"ಪೆಟ್ಟಿಗಿ ಇರಲಿ," ಎಂದ ದೌಲಪ್ಪ. "ಆ ಕಡಿ ಕೋಣಿಗೂ ಒಂದು ಮಾಡವ್ವ."

"ಕೂಲರ್ ನನ್ನ ಹತ್ರಾನೇ ತಗೋರಿ ಮತ್ತ!" ಎಂದ ಗೋಪಾಲ.

ವಾಪಸು ಬಸ್ಸಿನಲ್ಲಿ ಶಾರದಾ ತಲೆಯೆತ್ತಿ ಕೂತಿದ್ದಳು. ಅವಳನ್ನು ನೋಡಿ ನನಗೂ ಹೆಮ್ಮೆಯೆನಿಸಿತು. ಮಥುರಾಳ ಚೀಲ ಬರಿದಾಗಿತ್ತು.

"ಇಯರ್‌ಫೋನ್ ಎಲ್ಲೇ?" ಎಂದೆ.

"ಶಂಕ್ರಮ್ಮನ ಹತ್ರ. ಕಾಯೋರಿಗೆ ಕೇಳಿಸಬೇಕಲ್ಲ!"