ಅವ್ವನ ಹಾಡಿನ ಎರಡು ಪಾಲು

ಶಹಾಬಾದಿನ ಪ್ರೇಮಗಳೆಲ್ಲ ಈ ಗುಂಡಮ್ಮನ ಕೈಯ ಚಹಾ ಕುಡಿದೇ ಹುಟ್ಟಿವೆ! ಸರಿ, ಅರ್ಧ ಸುಳ್ಳು. ಯಾವ ಅರ್ಧ ಎಂದು ಕೇಳಬೇಡಿ. ಆದರೆ ಮದುವೆಗಳ ವಿಡಿಯೋ ಮಾಡುವ ಜಯಮಾಲಾಳ ಅಂಗಡಿ ನನ್ನ ಪಡಸಾಲೆಯಲ್ಲೇ ಇತ್ತು, ಅದು ಖರೆ.

ವಾಡಿಯ ರಿಪೇರಿ ಹುಡುಗ ರತ್ನದೀಪ ಅವಳ ಕಂಪ್ಯೂಟರಿನ ಡಬ್ಬಿ ಬಿಚ್ಚಿದ ದಿನ ಅವಳು ಕೂಗಿದ ಕೂಗಿಗೆ ಚಿತ್ತಾಪುರದ ಎಮ್ಮೆಗಳೂ ಹಾಲು ಬಿಗಿಹಿಡಿದವು.

“ಮುಟ್ಟಬ್ಯಾಡ್ರಿ! ಅದರಾಗ ನಮ್ಮವ್ವ ಅದಾಳ!”

ಅವ್ವ ಎಂದರೆ ತೀರಿಹೋದ ದಾನಮ್ಮ. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಒಂದೇ ಒಂದು ವಿಡಿಯೋ ಉಳಿದಿತ್ತು.

ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಎಷ್ಟು ಮೆಲ್ಲಗೆ! ನನ್ನ ಗಂಡ ಬದುಕಿದ್ದಷ್ಟು ಕಾಲ ಒಂದು ಲೋಟವನ್ನೂ ಅಷ್ಟು ಮೆಲ್ಲಗೆ ಇಟ್ಟವನಲ್ಲ. ಜಯಮಾಲಾ ಅಲ್ಲಿಗೇ ಸೋತಳು.

ಅವನು ಬಿಡಿಸಿ ಹೇಳಿದ, “ವಿಂಡೋಸ್ ಇರಲಿ, ವಿಡಿಯೋದ ಬಣ್ಣ ತಿದ್ದಲಿಕ್ಕ ಲಿನಕ್ಸೂ ಹಾಕು ಅಂದ್ರಿ. ಒಂದ ಮನ್ಯಾಗ ಇಬ್ಬರು ವಾರಗಿತ್ತಿಯರಿಗಿ ಎರಡು ಒಲಿ ಹೂಡಿದಂಗ. ಚಾಲೂ ಮಾಡಿದಾಗ ಯಾವ ಒಲಿ ಹಚ್ಚಲಿ ಅಂತ ಕೇಳ್ತದ. ಆದ್ರ ನಿಮ್ಮ ಎರಡು ಡಿಸ್ಕ್ ರೇಡ್ ಅಂತಾರಲ್ಲ, ಹಂಗ ಜೋಡಿಸ್ಯಾರ.”

“ಎರಡಿದ್ರ ಛಲೋನೇ ಅಲ್ಲೇನ್ರಿ? ಒಂದು ಹೋದ್ರ ಇನ್ನೊಂದು.”

“ಇದು ಹಂಗಲ್ರಿ. ಜಲ್ದಿ ಓಡ್ಲಿ ಅಂತ ಒಂದೊಂದು ವಿಡಿಯೋನೂ ಹರಿದು ಅರ್ಧ ಇದರಾಗ, ಅರ್ಧ ಅದರಾಗ ಇಡ್ತದ. ಒಂದು ಸತ್ರ ಎರಡೂ ಸತ್ತಂಗ. ಮೊದಲ ಅವ್ವನ ವಿಡಿಯೋ ಬ್ಯಾರೆ ಕಡಿ ಕಾಪಿ ಇಡ್ರಿ.”

ಮರುದಿನ ಬಂದವನೇ ಕೇಳಿದ, “ಕಾಪಿ ಇಟ್ಟೀರಿಲ್ಲೋ?”

ಇಟ್ಟಿರಲಿಲ್ಲ. ಅವನ ಬೆರಳುಗಳನ್ನೇ ನೆನೆಯುತ್ತಾ ಮರೆತಿದ್ದಳು... ಹಾಗೆಂದು ಹೇಳಲಾದೀತೇ?

“ಹೂಂ, ಇಟ್ಟೀನ್ರಿ.”

ಎರಡೂ ಒಲೆ ಹತ್ತಿದವು. ಅವ್ವನ ಹಾಡೂ ಕೇಳಿಸಿತು. ಆಮೇಲೆ ಕೆಲಸವಿಲ್ಲದಿದ್ದರೂ ರತ್ನದೀಪ ಬರತೊಡಗಿದ.

“ಮಷೀನ್ ಕೆಟ್ಟದೇನಪ್ಪ, ನೀನೇ ಕೆಟ್ಟೀದಿಯೋ?” ಎಂದೆ.

“ಎರಡೂ, ಗುಂಡಮ್ಮಾಯಿ,” ಎಂದು ನಕ್ಕ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಡಿಸ್ಕೇ ಇಲ್ಲ ಎಂದಿತು ಮಷೀನು! ಒಳಗಿನ ಅಂಗಿಗುಂಡಿಯಷ್ಟು ಬ್ಯಾಟರಿ ಸತ್ತು, ಎರಡು ಡಿಸ್ಕೂ ಜೋಡಿ ಎಂಬುದನ್ನೇ ಅದು ಮರೆತಿತ್ತು, ಅಷ್ಟೇ. ರತ್ನದೀಪನಿಗೆ ಚಹಾ ಆರುವಷ್ಟರಲ್ಲಿ ಆಗುವ ಕೆಲಸ. ಜಯಮಾಲಾ ಅವನಿಗೆ ಬಾಯಿ ತೆರೆಯಲು ಬಿಡಬೇಕಲ್ಲ!

ಗಿರಾಕಿಗಳೆಲ್ಲ ನಿಂತಿದ್ದರು.

“ನೀನೇ ಕೆಡಸ್ತಿ, ನೀನೇ ರಿಪೇರಿ ಅಂತ ಬರ್ತಿ! ನಾಯಿ ಸೈತ ಉಂಡ ಮನಿಗಿ ಹಿಂಗ ಮಾಡಂಗಿಲ್ಲ!”

“ಜಯಾ, ಬ್ಯಾಟರಿ...”

“ಬಾಯಿ ಮುಚ್ಚು!”

ಅವಳಪ್ಪ ಭಂಕೂರಿನಲ್ಲಿ ನೆಲಕ್ಕೆ ಹಾಸುವ ಪರಸಿಗಲ್ಲಿನ ಕೆಲಸದವನು. ಅಲ್ಲಿ ಪಾಲುದಾರರು ಜಗಳಾಡಿ ಬೇರಾದರೆ ಕೊನೆಯ ಕಲ್ಲನ್ನೂ ಸೀಳಿ ಹಂಚಿಕೊಳ್ಳುತ್ತಾರೆ. ಅರ್ಧ ಕಲ್ಲೂ ಯಾರದೋ ನೆಲಕ್ಕೆ ಕೂಡುತ್ತದೆ. ಆ ಮನೆಯ ಮಗಳು ಹಾಗೇ ಮಾಡಿದಳು. ಸಿಟ್ಟಿನಲ್ಲಿ ಅವನ ಎಚ್ಚರಿಕೆಯನ್ನೂ ಮರೆತು, ಒಂದು ಡಿಸ್ಕ್ ಕಿತ್ತು ಅವನ ಎದೆಗೆ ಎಸೆದಳು.

“ನಿನ್ನ ಪಾಲು. ಒಯ್ಯಿ! ನನಗ ಇನ್ನೊಂದು ಸಾಕು.”

‘ಹೇಗೂ ಕಾಪಿ ಇದೆಯಲ್ಲ...’ ಎಂದುಕೊಂಡು ಅವನು ಅದನ್ನು ಚೀಲಕ್ಕೆ ಹಾಕಿ ಹೊರಟ.

ಮರುವಾರ ಅಸದ ಎಂಬ ಬೇರೆ ರಿಪೇರಿಯವ ಬಂದು ಬ್ಯಾಟರಿ ಬದಲಿಸಿದ. “ಇಷ್ಟ ಆಗಿತ್ತಕ್ಕ. ಇದರ ಜೋಡಿ ಡಿಸ್ಕ್ ಎಲ್ಲದ? ಅದಿಲ್ದ ಇದು ಬರೇ ತಗಡು.”

ಜಯಮಾಲಾಳ ಮುಖ ಸುಣ್ಣವಾಯಿತು. ಸಿಕ್ಕ ರೈಲು ಹತ್ತಿ ವಾಡಿಗೆ ಓಡಿದಳು.

“ಯಾಕ ಬಂದ್ರಿ? ಇನ್ನೊಮ್ಮೆ ನಾಯಿ ಅನ್ನಲಿಕ್ಕೇನು?” ಅವನು ತಲೆ ಎತ್ತಲಿಲ್ಲ.

“ಆ ಡಿಸ್ಕ್ ಕೊಡು.”

“ಒರಸೀನಿ. ಅವತ್ತೇ, ಸಿಟ್ಟಿನಾಗ. ಒಂದು ಅಕ್ಷರ ಉಳೀದಂಗ. ನಿಮ್ಮ ಬಲ್ಲಿ ಕಾಪಿ ಅದಲ್ಲ?”

“ಇಲ್ಲ.”

“ಇಟ್ಟೀನಿ ಅಂದಿದ್ರಿ!”

“ಸುಳ್ಳು ಹೇಳಿದ್ದೆ... ನಿನ್ನ ಮಾರಿ ನೋಡ್ಕೋತ ಮರತಿದ್ದೆ.”

ಪ್ರೀತಿಯ ಮಾತು ಬಾಯಿಂದ ಬಿತ್ತು, ಎಂಥ ಹಾಳು ಗಳಿಗೆಯಲ್ಲಿ!

ಅವನು ಖಾಲಿ ಡಿಸ್ಕನ್ನು ಅವಳ ಮುಂದಿಟ್ಟ.

“ಮತ್ತ ಬರ್ತದೇನು?”

“ಬರಂಗಿಲ್ಲ, ಜಯಾ. ದೇವರು ಬಂದ್ರೂ ಬರಂಗಿಲ್ಲ.”

ಅವಳು ಅಳಲಿಲ್ಲ. ಸ್ಟೂಲು ಎಳೆದು ಅವನೆದುರು ಕುಳಿತಳು.

“ನಮ್ಮವ್ವನ್ನ ಎರಡನೇ ಸಲ ಸಾಯಿಸಿದಿ. ಈಗ ಅಕಿ ಹಾಡು ನೀನೇ ಹಾಡು.”

“ನನಗ ಹಾಡ್ಲಿಕ್ಕ ಬರಂಗಿಲ್ಲ...”

“ಹಾಡು!”

ಕತ್ತೆಯೂ ನಾಚುವ ದನಿ. “ಬೀಸೋ ಕಲ್ಲ, ಮೆಲ್ಲಕ ತಿರುಗ... ಮಗಳು... ಮಗಳು...”

“ತಪ್ಪು. ಮೊದಲಿಂದ.”

ಹಾಡಿದ. ಮತ್ತೆ ತಪ್ಪಿದ. ಮತ್ತೆ ಹಾಡಿಸಿದಳು. ಅವನ ಗಂಟಲು ಒಡೆದರೂ ಬಿಡಲಿಲ್ಲ, ಅಷ್ಟು ಕಟುಕಿ! ಕೊನೆಗೆ ಅವನು ಹಾಡು ನಿಲ್ಲಿಸಿದಲ್ಲಿಂದ ಅವಳೇ ಎತ್ತಿಕೊಂಡಳು.

“ಮಗಳು ಮಲಗ್ಯಾಳ...”

ಮುಂದೆ? ಮುಂದಿನ ಸಾಲು ಅವಳಿಗೇ ಬರಲಿಲ್ಲ. ಅವ್ವನ ಹಾಡು ಡಬ್ಬಿಯಲ್ಲಿದೆಯಲ್ಲ ಎಂದು ಅವಳು ಕಲಿತಿರಲೇ ಇಲ್ಲ. ಆಗ ಅವಳ ಕಣ್ಣು ತುಂಬಿತು.

ಅವನು ಮೆಲ್ಲಗೆ ಅಂದ, “ನುಚ್ಚು ಬಿದ್ರ ಎದ್ದಾಳ...”

“ನಿನಗ... ಹ್ಯಾಂಗ ನೆನಪದ?”

“ನೀವು ಬಣ್ಣ ತಿದ್ಕೋತ ಕುಂದರ್ತಿದ್ರಿ. ನಾ ಕೇಳ್ಕೋತ ಕುಂದರ್ತಿದ್ದೆ.”

ಅಷ್ಟರಲ್ಲಿ ಶಹಾಬಾದಿನ ಪ್ಯಾಸೆಂಜರ್ ಕೂಗಿತು.

“ನಿಮ್ಮ ಗಾಡಿ ಬಂತು.”

“ನನಗ ಕಿವಿ ಅವ. ನೀ ಮುಂದಿನ ಸಾಲು ಹೇಳು.”

ಗಾಡಿ ಹತ್ತಿದಳೋ, ಅಲ್ಲೇ ಕುಳಿತಳೋ? ನನ್ನ ಪಡಸಾಲೆಯಲ್ಲಿ ಈಗ ಸಂಜೆಯಾದರೆ ಕತ್ತೆದನಿ ಕೇಳಿಸುತ್ತದೆ. ಅದರ ಮೇಲೆ ಒಂದು ಹೆಣ್ಣುದನಿ “ತಪ್ಪು!” ಎಂದು ಗದರುತ್ತದೆ. ಇದರಲ್ಲಿ ಎಷ್ಟು ಖರೆ, ಎಷ್ಟು ಸುಳ್ಳು? ನೀವೇ ಹೇಳಿ ನೋಡೋಣ!