ಹೆಸರು ಕೇಳುವ ಬೀಗ

“ಇಲ್ಲ! ಏನೂ ಇಲ್ಲ! ಬರೀ ಹುಲ್ಲು!”

ಅಂಗಳದ ಕಂಬಳಿ ಗುಡಾರದೊಳಗಿಂದ ಎರ್ಮೆಕ್ ಕಿರುಚಿದ. ಆಯಿಮ್ ಕೈಯಲ್ಲಿದ್ದ ಬಟ್ಟಲುಗಳನ್ನು ಅಲ್ಲೇ ಇಟ್ಟು ಓಡಿದಳು. ಗುಡಾರದಲ್ಲಿಟ್ಟಿದ್ದ ದೊಡ್ಡ ಟೀವಿಯಲ್ಲಿ ನಿನ್ನೆ ರಾತ್ರಿಯವರೆಗೆ ಒಂದು ಇಡೀ ಊರಿತ್ತು. ಈಗ ಹಸಿರು ಬಯಲು. ಒಂದು ಗೋಡೆಯಿಲ್ಲ, ಒಂದು ಕಲ್ಲಿಲ್ಲ.

ಅದು ಚೌಕ ಕಲ್ಲುಗಳನ್ನು ಪೇರಿಸಿ ಊರು ಕಟ್ಟುವ ಆಟ. ಮಾಸ್ಕೋ, ಕಜಾನ್, ಬಿಶ್ಕೆಕ್ ಅಂತ ಚದುರಿಹೋಗಿದ್ದ ಆ ಮನೆತನದ ಹನ್ನೊಂದು ಮಂದಿ ಅಣ್ಣತಮ್ಮಂದಿರು ಎರಡು ವರ್ಷ ಸಂಜೆಸಂಜೆ ಕೂತು ಹಳೆಯ ಗಣಿಪಟ್ಟಣವನ್ನು ಅದರೊಳಗೆ ಎಬ್ಬಿಸಿದ್ದರು. ಮೂವತ್ತು ವರ್ಷಗಳ ಹಿಂದೆ ಮುಚ್ಚಿಹೋದ ಪಟ್ಟಣ. ಆಯಿಮ್‌ಳ ಅಪ್ಪ ಹರೆಯ ಕಳೆದ ಜಾಗ. ಇವತ್ತು ಅಪ್ಪನಿಗೆ ಎಪ್ಪತ್ತು. ಮಧ್ಯಾಹ್ನ ಅರವತ್ತು ನೆಂಟರ ಎದುರಿಗೆ ಇದೇ ಉಡುಗೊರೆ.

ಆಟ ಓಡುತ್ತಿದ್ದುದು ಮನೆಯ ಹಿಟ್ಟಿನ ಕೋಣೆಯ ಹಳೆ ಕಂಪ್ಯೂಟರಿನಲ್ಲಿ. ಅದರ ಲಗಾಮು ಒಂದು ಬಾಟಿನ, ಅಂದರೆ ಚಾಟಿನಲ್ಲಿ ಹೇಳಿದ್ದನ್ನು ಮಾಡುವ ಪುಟ್ಟ ಪ್ರೋಗ್ರಾಮಿನ, ಕೈಲಿತ್ತು. ಆ ಬಾಟನ್ನು ಬರೆದವಳು ಬುರುಲ್, ಮನೆಯ ಸೊಸೆ. ಮನೆಯವರ ಚಾಟ್ ಗುಂಪಿನಲ್ಲಿ ಯಾರು ಎಲ್ಲಿಂದ ‘ಶುರು ಮಾಡು’ ಅಂತ ಬರೆದರೂ ಹಿಟ್ಟಿನ ಕೋಣೆಯಲ್ಲಿ ಕಂಪ್ಯೂಟರು ಕೆಲಸಕ್ಕೆ ಇಳಿಯುತ್ತಿತ್ತು. ‘ಮುಚ್ಚು’ ಅಂದರೆ ಮಲಗುತ್ತಿತ್ತು. ‘ಅಳಿಸು’ ಅಂದರೆ ಮಾತ್ರ ಕೇಳುತ್ತಿರಲಿಲ್ಲ. ಬುರುಲ್‌ಳ ಫೋನಿನಿಂದ ಬಂದರಷ್ಟೇ ಕೇಳುತ್ತಿತ್ತು.

ಎರ್ಮೆಕ್ ಬಾಟಿನ ದಿನಚರಿ ತೆರೆದ. ಓದಿದ.

“ಏಳು ಗಂಟೆ ಹತ್ತು ನಿಮಿಷ. ಅಳಿಸು. ಹೇಳಿದವರು — ಬುರುಲ್.”

ಎಲ್ಲರ ಕಣ್ಣೂ ಬಾಗಿಲಿನತ್ತ ತಿರುಗಿದವು. ಬುರುಲ್ ಅಲ್ಲೇ ನಿಂತಿದ್ದಳು, ಮೊಣಕೈವರೆಗೆ ಹಿಟ್ಟು.

“ನಾನಲ್ಲ,” ಎಂದಳು.

“ನೀನಲ್ದೆ ಇನ್ಯಾರು?” ಅತ್ತೆ ಜೂರಾ ಎದ್ದು ನಿಂತಳು. “ಹೋದ ವಾರ ಹಾಲು ಉಕ್ಕಿಸಿದ್ದಕ್ಕೆ ನಾನು ಎರಡು ಮಾತಂದೆ. ಎಲ್ಲಾನೂ ಅಳಿಸಿ ಹಾಕ್ತೀನಿ ಅಂತ ಇದೇ ಬಾಯಲ್ಲಿ ಅಂದ್ಯೋ ಇಲ್ವೋ?”

“ಸಿಟ್ಟಲ್ಲಿ ಅಂದೆ ಅತ್ತೆ...”

“ಸಿಟ್ಟಲ್ಲೇ ಮಾಡಿದ್ದೀಯ! ತಾಲಾಯ್ ಅಪ್ಪನ ಹಬ್ಬದ ದಿನಾನೇ ನೋಡ್ಕೊಂಡು! ನಾಳೆ ನಿನ್ನ ತವರಿಗೆ ಫೋನ್ ಮಾಡ್ತೀನಿ. ಬಂದು ಕರ್ಕೊಂಡು ಹೋಗ್ಲಿ.”

ತಾಲಾಯ್, ಬುರುಲ್‌ಳ ಗಂಡ, ನೆಂಟರನ್ನು ಕರೆತರಲು ವ್ಯಾನು ತಗೊಂಡು ನಸುಕಿನಲ್ಲೇ ಹೋಗಿದ್ದ. ಅವಳ ಪರ ಮಾತಾಡುವವರು ಯಾರೂ ಇರಲಿಲ್ಲ. ಒಲೆಯ ಪಕ್ಕದ ಹಾಸಿನ ಮೇಲೆ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅವರೂ ಮಾತಾಡಲಿಲ್ಲ.

ಆಯಿಮ್ ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಸಂತೆಯಲ್ಲಿ ಫೋನ್ ರಿಪೇರಿಯ ಗೂಡಂಗಡಿ ಇಟ್ಟಿದ್ದಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕಾದರೆ ಅವಳ ಕಿವಿ ಕೆಂಪಾಗುತ್ತಿತ್ತು. ಆದರೆ ಕಣ್ಣು ಸುಮ್ಮನಿರುವ ಜಾತಿಯದಲ್ಲ.

“ಅಮ್ಮಾ, ತವರಿಗೆ ಆಮೇಲೆ ಫೋನ್ ಮಾಡು,” ಎಂದಳು. ಕಿವಿ ಕೆಂಪಾದವು. “ಅತ್ತಿಗೆ, ಏಳೂ ಹತ್ತಕ್ಕೆ ನಿಮ್ಮ ಫೋನ್ ಎಲ್ಲಿತ್ತು?”

“ಅಡುಗೆಮನೆ ಕಿಟಕೀಲಿ, ಮುದ್ದಮ್ಮ. ನಾನು ಹೊರಗೆ ಬಾಣಲೆ ಮುಂದೆ ಬೊರ್ಸೋಕ್ ಕರೀತಿದ್ದೆ.”

“ಫೋನಿಗೆ ಬೀಗ?”

“ಇಲ್ಲ. ಅತ್ತೆ ದಿನಾ ಅದರಲ್ಲೇ ತಂಗಿ ಜೊತೆ ಮಾತಾಡ್ತಾರಲ್ಲ.”

“ನೀವು ಕರೀತಿದ್ದದ್ದನ್ನ ನೋಡಿದವರು?”

“ಯಾರೂ ಇಲ್ಲ. ಬಿಳಿ ತಮ್ಮನೂ ಗಂಡಸರೂ ಕುರಿ ಕೊಯ್ಯೋಕೆ ಕಾಲುವೆ ಹತ್ರ ಇದ್ರು.”

ಬಿಳಿ ತಮ್ಮ ಅಂದರೆ ಎರ್ಮೆಕ್. ಅಪ್ಪನ ತೀರಿಹೋದ ತಮ್ಮನ ಮಗ. ಮೊನ್ನೆಯಷ್ಟೇ ಮಾಸ್ಕೋದಿಂದ ಬಂದಿದ್ದ.

“ನೀನು ಏಳೂ ಹತ್ತಕ್ಕೆ ಏನ್ಮಾಡ್ತಿದ್ದೆ?”

“ಓಹೋ, ಪೊಲೀಸಮ್ಮ ಬಂದ್ಲಪ್ಪಾ! ಕುರಿ ಕಾಲು ಹಿಡ್ಕೊಂಡಿದ್ದೆ ಕಣೇ. ಎಂಟು ಜನ ನೋಡಿದ್ದಾರೆ. ಕುರೀನೂ ನೋಡಿದೆ, ಬೇಕಾದ್ರೆ ಕೇಳು.”

“ಕೊಯ್ಯೋ ಮುಂಚೆ ಹರಸಿದ್ಯಾರು?”

“ಪಕ್ಕದ್ಮನೆ ಅಸನಾಲಿ ಅಜ್ಜ. ಯಾಕೆ?”

“ಸುಮ್ನೆ ಕೇಳ್ದೆ.”

ಸುಮ್ಮನೆ ಕೇಳಿರಲಿಲ್ಲ. ಆಯಿಮ್ ಒಲೆಯ ಪಕ್ಕ ಕೂತಿದ್ದ ಅಪ್ಪನತ್ತ ಒಮ್ಮೆ ನೋಡಿದಳು. ಆದರೂ ಬಿಡಲಿಲ್ಲ.

“ದಿನಚರೀಲಿ ಮುಂದಿನ ಸಾಲು ಓದು.”

“ಮುಂದೇನಿದೆ? ನಿನ್ನೆ ಊಟದ ಹೊತ್ತಲ್ಲಿ ಅತ್ತಿಗೇನೇ ಹೇಳಿದ್ರಲ್ಲ. ‘ಖಂಡಿತ ಅಳಿಸಲೇ? ಹಾಗಾದರೆ ಊರಿನ ಹೆಸರು ಬರೆಯಿರಿ’ ಅಂತ ಕೇಳುತ್ತೆ. ಉತ್ತರ ಬಂದಿದೆ. ಸಗಿನ್‌ಬಾಯ್.”

ಹೆಸರು ಕಿವಿಗೆ ಬಿದ್ದೊಡನೆ ಬುರುಲ್ ತಲೆವಸ್ತ್ರ ಎಳೆದುಕೊಂಡಳು. ಜೂರಾ ನೆಲ ನೋಡಿದಳು. ದಿನವೂ ಆಗುವ ಸಂಗತಿ, ಯಾರೂ ಗಮನಿಸಲಿಲ್ಲ. ಆಯಿಮ್ ಗಮನಿಸಿದಳು.

“ಆ ಹೆಸರು ಇಟ್ಟಿದ್ಯಾರು?”

“ನಾವೇ, ಮಾಸ್ಕೋದಲ್ಲಿ ಕೂತು. ದೊಡ್ಡಪ್ಪನ ಊರಿಗೆ ದೊಡ್ಡಪ್ಪನ ಹೆಸರು.”

“ಅತ್ತಿಗೆ, ಆ ಹೆಸರು ಹೇಳಿ.”

ಬುರುಲ್ ಗಾಬರಿಯಿಂದ ನೋಡಿದಳು. “ಏನ್ ಮುದ್ದಮ್ಮ ನೀನು! ಮಾವನವರ ಹೆಸರನ್ನ...”

“ಬರೀರಿ, ಹಾಗಾದ್ರೆ.”

“ಬರೆದ್ರೂ ಅಷ್ಟೇ ಅಲ್ವಾ?” ಬುರುಲ್‌ಳ ಕಣ್ಣು ತುಂಬಿತು.

ಆಯಿಮ್ ಅಮ್ಮನ ಕಡೆ ತಿರುಗಿದಳು. “ನೋಡಿದ್ಯಾ ಅಮ್ಮ? ಈ ಮನೆಗೆ ಬಂದು ಏಳು ವರ್ಷ. ಮೈದುನನ್ನ ಬಿಳಿ ತಮ್ಮ ಅಂತಾರೆ. ನನ್ನಂಥ ಚಿಕ್ಕವಳ ಹೆಸರೂ ಹೇಳಲ್ಲ. ಎರಡು ವರ್ಷದ ಚಾಟ್ ಪೂರ್ತಿ ಹುಡುಕು, ‘ಮಾವನ ಊರು’ ಅಂತಲೇ ಇದೆ. ಬಾಟಿಗೆ ಯಾಕೆ ಆ ಬೀಗ ಹಾಕಿದ್ರು ಗೊತ್ತಾ? ತಪ್ಪಿ ಬೆರಳು ತಾಗಿದ್ರೂ ತನ್ನ ಕೈಲಿ ಊರು ಅಳಿಸಿಹೋಗಬಾರದು ಅಂತ. ತಾನೇ ತೆಗೆಯೋಕಾಗದ ಬೀಗ ಹಾಕ್ಕೊಂಡವರು, ಹಬ್ಬದ ದಿನ ಕೂತು ಆ ಹೆಸರು ಬರೀತಾರಾ? ನೀನಾಗಿದ್ರೆ ಬರೀತಿದ್ಯಾ?”

ಜೂರಾಳ ಬಾಯಿ ತೆರೆದದ್ದು ಹಾಗೇ ನಿಂತಿತು. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳೂ ಒಮ್ಮೆಯೂ ಆ ಹೆಸರು ಉಚ್ಚರಿಸಿದವಳಲ್ಲ.

“ಅಯ್ಯೋ... ಮತ್ತೆ ಯಾರು?”

ಅಷ್ಟರಲ್ಲಿ ಅಸನಾಲಿ ಅಜ್ಜ ಕೈ ಒರೆಸಿಕೊಳ್ಳುತ್ತ ಚಹಾಕ್ಕೆಂದು ಒಳಗೆ ಬಂದರು. ಎಲ್ಲರ ಮುಖ ಕಂಡು ಬಾಗಿಲಲ್ಲೇ ಕೂತರು.

ಆಯಿಮ್ ಅಜ್ಜನನ್ನು ನೋಡಿ ಅಪ್ಪನತ್ತ ತಿರುಗಿದಳು. ಈಗ ಕಿವಿ ಕೆಂಪಾಗಲಿಲ್ಲ, ಮುಖವೇ ಬಿಳಿಚಿತು.

“ಹೇಳು,” ಅಂದರು ಅಪ್ಪ, ಒಲೆಯ ಪಕ್ಕದಿಂದ. “ಅರ್ಧಕ್ಕೆ ನಿಲ್ಲಿಸಬೇಡ.”

“ಅಪ್ಪಾ...”

“ಹೇಳಮ್ಮ.”

“ನಮ್ಮನೇಲಿ ಕುರಿ ಕೊಯ್ಯೋ ಮುಂಚೆ ಹರಸೋದು ಯಾವಾಗ್ಲೂ ನೀವು. ಆ ವರ್ಷ ಮೈ ಸುಡೋ ಜ್ವರ ಇದ್ದಾಗ್ಲೂ ಗೋಡೆ ಹಿಡ್ಕೊಂಡು ಹೊರಗೆ ಬಂದು ಅಂಗೈ ಎತ್ತಿದ್ರಿ. ಇವತ್ತು ನಿಮ್ಮದೇ ಎಪ್ಪತ್ತರ ಕುರಿ. ಹರಸಿದವರು ಅಸನಾಲಿ ಅಜ್ಜ. ನೀವು ಎಲ್ಲಿದ್ರಿ ಅಪ್ಪಾ?”

ಅಪ್ಪ ಒಲೆಗೆ ಒಂದು ಸೌದೆ ನೂಕಿದರು.

“ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಎರ್ಮೆಕ್ ಅಂದ, ಮೂರನೇ ಸುರಂಗದ ಬಾಗಿಲು ಈಗಷ್ಟೇ ಮುಗಿಸ್ದೆ ದೊಡ್ಡಪ್ಪ, ಹೊರಗಿನ ಬೀಗ ಸಮೇತ ಅಂತ. ಆಮೇಲೆ ನೀವು ತುತ್ತು ಎತ್ತಲಿಲ್ಲ. ಚಹಾ ಹಾಗೇ ಆರಿಹೋಯ್ತು.”

“ಹೌದು, ನಮ್ಮಪ್ಪನ ಹಳೇ ಆಲ್ಬಮ್‌ನಲ್ಲಿ ಪಟ ಇತ್ತು,” ಅಂದ ಎರ್ಮೆಕ್, ಏನೂ ತಿಳಿಯದೆ. “ಹೊಗೆ ತುಂಬಿದ ಬಾಗಿಲು, ಇಷ್ಟು ದಪ್ಪ ಬೀಗ. ಚೆನ್ನಾಗಿದೆ ಅಂತ ಹಾಗೇ ಕಟ್ಟಿದೆ. ಅದರಲ್ಲಿ ಏನು—”

ಬಾಗಿಲ ಬಳಿ ಬಟ್ಟಲು ಉರುಳಿತು. ಅಸನಾಲಿ ಎದ್ದು ನಿಂತಿದ್ದರು.

ಮೂರನೇ ಸುರಂಗಕ್ಕೆ ಬೆಂಕಿ ಬಿದ್ದದ್ದು ನಲವತ್ತು ವರ್ಷಗಳ ಹಿಂದೆ. ನಾಲ್ಕು ಜನ ಹೊರಗೆ ಬರಲಿಲ್ಲ. ಅವರಲ್ಲಿ ಒಬ್ಬ ಅಸನಾಲಿಯ ತಮ್ಮ ಜುಮಾಶ್. ಬಾಗಿಲ ಮೇಲೆ ಮಣ್ಣು ಕುಸಿದು ಮುಚ್ಚಿಹೋಗಿತ್ತು ಅಂತ ಕಾವಲಿನವನ ಹೇಳಿಕೆ. ಕಾವಲಿನವನು ಸಗಿನ್‌ಬಾಯ್.

“ಕುಸಿದಿರಲಿಲ್ಲ, ಅಸನಾಲಿ.” ಅಪ್ಪನ ದನಿ ಎಲ್ಲೋ ಆಳದಿಂದ ಬಂದ ಹಾಗಿತ್ತು. “ಡೀಸೆಲ್ ಕಳವಾಗ್ತಿತ್ತು. ಒಳಗೆ ಜನ ಇದ್ದಾರೋ ಇಲ್ವೋ ನೋಡ್ದೆ ಬೀಗ ಹಾಕ್ದೆ. ಕೀಲಿ ಜೇಬಲ್ಲಿಟ್ಕೊಂಡು ಮದುವೆ ಊಟಕ್ಕೆ ಹೋದೆ. ಓಡಿಬಂದು ತೆಗೆಯೋ ಹೊತ್ತಿಗೆ... ಬೀಗ ಕಾಲುವೆಗೆ ಎಸೆದೆ. ತಮ್ಮ ಪಟ ತೆಗೆದಿದ್ದು ನನಗೆ ಗೊತ್ತೇ ಇರಲಿಲ್ಲ. ಅವನು ಸಾಯೋವರೆಗೂ ಹೇಳಲಿಲ್ಲ.”

ಜೂರಾ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

“ಮಧ್ಯಾಹ್ನ ಆ ಬೀಗ ನೀನೂ ನೋಡ್ತಿದ್ದೆ, ಅಸನಾಲಿ. ಅದಕ್ಕೇ ಕಿಟಕೀಲಿದ್ದ ಫೋನಿಂದ ಅಳಿಸಿದೆ.” ಅಪ್ಪ ಬುರುಲ್‌ಳತ್ತ ನೋಡಿದರು, ನೋಡಲಾರದೆ ಮುಖ ತಿರುಗಿಸಿದರು. “ತಪ್ಪು ನಿನ್ನ ಮೇಲೆ ಬಂತು. ಆಗ್ಲೂ ಸುಮ್ಮನೆ ಕೂತೆ, ಮಗಳೇ. ನಲವತ್ತು ವರ್ಷದ ಹಿಂದೆ ಮಾಡಿದ್ದನ್ನೇ ಇನ್ನೊಂದು ಸಲ ಮಾಡ್ದೆ.”

ಆಯಿಮ್ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದಳು.

“ನಿನ್ನೆ ರಾತ್ರಿ ಊಟ ಆದ್ಮೇಲೆ ನಕಲು ತೆಗೆದಿಟ್ಟಿದ್ದೆ.”

“ಮತ್ತೆ ಆಗ್ಲೇ ಹೇಳೋಕೇನಾಗಿತ್ತು?” ಎರ್ಮೆಕ್ ರೇಗಿದ.

“ಹೇಳಿದ್ರೆ ಎಲ್ಲರೂ ಸಮಾಧಾನವಾಗಿ ಚಹಾ ಕುಡಿಯೋಕೆ ಹೋಗ್ತಿದ್ರಿ. ಅತ್ತಿಗೆ ಮೇಲಿನ ಮಾತು ಅತ್ತಿಗೆ ಮೇಲೇ ಉಳೀತಿತ್ತು.”

ಹಿಟ್ಟಿನ ಕೋಣೆಗೆ ಹೋಗಿ ಅದನ್ನು ಚುಚ್ಚಿ ಬಂದಳು. ಬುರುಲ್‌ಳ ಫೋನಿನಲ್ಲಿ ‘ಮರಳಿ ತಾ’ ಒತ್ತಿದಳು. ಬಾಟ್ ಕೇಳಿತು: ಊರಿನ ಹೆಸರು ಬರೆಯಿರಿ.

ಎರ್ಮೆಕ್ ಕೈ ಚಾಚಿದ. ಆಯಿಮ್ ಕೊಡಲಿಲ್ಲ. ಅವಳೇ ಬರೆಯಬಹುದಿತ್ತು, ಬರೆಯಲಿಲ್ಲ. ಫೋನನ್ನು ಅಪ್ಪನ ಮಂಡಿಯ ಮೇಲೆ ಇಟ್ಟಳು.

ಅಪ್ಪ ಅದನ್ನು ಕೈಗೆತ್ತಿಕೊಂಡರು. ಆಮೇಲೆ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದರು. ತಮ್ಮ ಹೆಸರು.

ಟೀವಿಯಲ್ಲಿ ಬಯಲಿನ ಮೇಲೆ ಬೀದಿಗಳೆದ್ದವು. ಕ್ಯಾಂಟೀನು, ಸ್ನಾನದ ಮನೆ, ಸಾಲುಮನೆಗಳು. ಹೊರಗೆ ತಾಲಾಯ್‌ನ ವ್ಯಾನಿನ ಹಾರ್ನ್ ಕೇಳಿತು; ನೆಂಟರ ಗದ್ದಲ. ಗುಡಾರದಿಂದ ಯಾರೂ ಎದ್ದು ಹೋಗಲಿಲ್ಲ.

ಅಸನಾಲಿ ನಿಧಾನಕ್ಕೆ ನಡೆದು ಬಂದು ಅಪ್ಪನ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು ಕೂತರು. ಕಣ್ಣು ಟೀವಿಯ ಮೇಲೆಯೇ.

“ಆ ಬಾಗಿಲ ಹತ್ರ ಕರ್ಕೊಂಡು ಹೋಗು, ಸಗಿನ್‌ಬಾಯ್,” ಅಂದರು. “ನೀನೇ ಕರ್ಕೊಂಡು ಹೋಗು.”